ಕಷಾಯದೊಳಗಿನ ಹಿರಿಯ

ಚೀನಾದ ಹಳೆಯ ಔಷಧದ ಅಂಗಡಿಗಳಲ್ಲಿ ಗೋಡೆಯ ಉದ್ದಕ್ಕೂ ಒಂದು ಮರದ ಬೀರು ಇರುತ್ತದೆ. ಅದರ ತುಂಬ ಸಣ್ಣ ಸಣ್ಣ ಡ್ರಾಯರುಗಳು. ಒಂದೊಂದು ಡ್ರಾಯರಿನೊಳಗೂ ಅಡ್ಡಪಟ್ಟಿ ಹಾಕಿ ಎರಡು ಮೂರು ಮನೆ ಮಾಡಿರುತ್ತಾರೆ. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮುಂದೆ ಹರಡಿಕೊಂಡು, ಅಂಗಡಿಯವರು ನಮ್ಮ ಅಕ್ಕಸಾಲಿಗರ ತಕ್ಕಡಿಯಂಥ ಒಂದು ಕೈತಕ್ಕಡಿಯಲ್ಲಿ ಬೇರು, ತೊಗಟೆ, ಬೀಜ, ಒಣಗಿದ ಹೂವು ಇವನ್ನೆಲ್ಲ ಒಂದೊಂದಾಗಿ ತೂಗಿ ಕಾಗದದ ಮೇಲೆ ಸುರಿಯುತ್ತಾರೆ. ಚೀಟಿ ಯಾವ ಕಾಯಿಲೆಯದೇ ಆಗಿರಲಿ, ಜ್ವರದ್ದೋ ಕೆಮ್ಮಿನದೋ ಹೊಟ್ಟೆನೋವಿನದೋ, ಅದರ ಕೊನೆಯ ಸಾಲಿನಲ್ಲಿ ಬಹುಮಟ್ಟಿಗೆ ಒಂದು ಹೆಸರು ಇದ್ದೇ ಇರುತ್ತದೆ: ಗಾನ್ ತ್ಸಾವೊ. ಹತ್ತು ಕಷಾಯ ತೆಗೆದುಕೊಂಡರೆ ಒಂಬತ್ತರಲ್ಲಿ ಗಾನ್ ತ್ಸಾವೊ ಇರುತ್ತದೆ ಎಂದು ಅಲ್ಲಿ ಗಾದೆಯೇ ಇದೆ.

ಗಾನ್ ತ್ಸಾವೊ ಅಂದರೆ ನಮ್ಮ ಜ್ಯೇಷ್ಠಮಧು. ಅತಿಮಧುರ, ಯಷ್ಟಿಮಧು ಎಂದೂ ನಾವು ಕರೆಯುತ್ತೇವೆ. ಗಂಟಲು ಕಟ್ಟಿದಾಗ ಒಂದು ಚೂರು ಬಾಯಲ್ಲಿಟ್ಟುಕೊಂಡು ರಸ ನುಂಗುವುದು ನಮ್ಮ ಮನೆಗಳಲ್ಲೂ ರೂಢಿಯಲ್ಲಿದೆ. ಸಂಗೀತಗಾರರಿಗಂತೂ ಅದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಅದು ಹೆಚ್ಚಾಗಿ ಗಂಟಲಿನ ಮದ್ದಾಗಿಯೇ ಉಳಿದಿದ್ದರೆ ಚೀನಾದ ವೈದ್ಯದಲ್ಲಿ ಅದಕ್ಕೆ ಸಿಕ್ಕಿದ ಸ್ಥಾನ ಬೇರೆಯದೇ. ಒಂದು ಸಿಹಿ ಬೇರು ಹೆಚ್ಚುಕಡಿಮೆ ಎಲ್ಲ ಕಷಾಯಗಳೊಳಗೂ ಏಕೆ ಸೇರಿಕೊಂಡಿತು, ಸೇರಿಕೊಂಡು ಅಲ್ಲಿ ಏನು ಮಾಡುತ್ತದೆ, ಎಲ್ಲಿ ಅದಕ್ಕೆ ಕೈ ತಡೆಯಬೇಕು ಎಂಬುದು ಇವತ್ತಿನ ಮಾತು.

ಮೊದಲು ಗಿಡದ ವಿಷಯ. ಇದು ಅವರೆ, ತೊಗರಿ, ಹೆಸರಿನ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಗಿಡ. ಚೀನಾದ ಉತ್ತರ ಮತ್ತು ಪಶ್ಚಿಮದ ಒಣ ಸೀಮೆ ಇದರ ತವರು. ಒಳ ಮಂಗೋಲಿಯಾದ ಓರ್ಡೊಸ್ ಪ್ರಸ್ಥಭೂಮಿ, ನಿಂಗ್‌ಷಿಯಾ, ಗಾನ್ಸು, ಷಿನ್‌ಜಿಯಾಂಗ್ ಇಲ್ಲೆಲ್ಲ ಮರಳಿನಲ್ಲಿ, ಉಪ್ಪು ಮಣ್ಣಿನಲ್ಲಿ ಅದು ಬೆಳೆಯುತ್ತದೆ. ಮೇಲೆ ಕಾಣುವ ಗಿಡ ಮೊಣಕಾಲಿನಿಂದ ಸೊಂಟದೆತ್ತರ. ಬೇರು ಮಾತ್ರ ನೀರು ಹುಡುಕಿಕೊಂಡು ಆಳಕ್ಕೆ, ಅಡ್ಡಕ್ಕೆ ಮೀಟರುಗಟ್ಟಲೆ ಹೋಗುತ್ತದೆ. ಚೀನಾದ ಔಷಧಕೋಶ ಮೂರು ಜಾತಿಗಳನ್ನು ಗಾನ್ ತ್ಸಾವೊ ಎಂದು ಒಪ್ಪುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಗ್ಲೈಸಿರೈಜ ಯುರಾಲೆನ್ಸಿಸ್. ಇನ್ನೊಂದು ಗ್ಲೈಸಿರೈಜ ಗ್ಲಾಬ್ರ. ನಮ್ಮ ಆಯುರ್ವೇದದ ಯಷ್ಟಿಮಧು ಇದೇ.

ಬೇರನ್ನು ವಸಂತದಲ್ಲಿ ಅಥವಾ ಶರತ್ಕಾಲದಲ್ಲಿ ಅಗೆದು, ಕವಲುಬೇರು ತೆಗೆದು ಒಣಗಿಸುತ್ತಾರೆ. ಒಳ್ಳೆಯ ಬೇರಿನ ಹೊರಗಿನ ತೊಗಟೆ ಕೆಂಪು ಕಂದು, ಒಳಗೆ ಹಳದಿ. ಅಡ್ಡಕ್ಕೆ ಕತ್ತರಿಸಿದರೆ ನಡುವಿನಿಂದ ಸುತ್ತಲೂ ಹರಡಿದ ಗೆರೆಗಳು ಕಾಣುತ್ತವೆ. ಅದನ್ನು ಅಲ್ಲಿನವರು ಸೇವಂತಿಗೆಯ ನಡು ಎನ್ನುತ್ತಾರೆ. ಮುರಿದಾಗ ನಾರಿನ ಜೊತೆಗೆ ಸ್ವಲ್ಪ ಹಿಟ್ಟು ಉದುರಬೇಕು. ನಾಲಿಗೆಯ ಮೇಲಿಟ್ಟರೆ ಸಿಹಿ ತಕ್ಷಣ ಬರುವುದಿಲ್ಲ, ನಿಧಾನವಾಗಿ ಬಂದು ಬಹಳ ಹೊತ್ತು ಉಳಿಯುತ್ತದೆ. ಆ ಸಿಹಿಗೆ ಕಾರಣವಾದ ಗ್ಲೈಸಿರೈಜಿನ್ ಎಂಬ ವಸ್ತು ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಈ ಹೆಸರನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಈ ಬೇರಿನ ದಾಖಲೆ ಎಷ್ಟು ಹಿಂದಕ್ಕೆ ಹೋಗುತ್ತದೆ ನೋಡಿ. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಸಮಾಧಿಯನ್ನು 1973ರಲ್ಲಿ ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಐವತ್ತೆರಡು ಕಾಯಿಲೆಗಳ ಮದ್ದು ಹೇಳುವ ಒಂದು ಬರಹದಲ್ಲಿ ಆಗಲೇ ಗಾನ್ ತ್ಸಾವೊ ಇದೆ. ಅನಂತರ ಬಂದ ಶೆನ್ನೊಂಗ್ ಬೆನ್ ತ್ಸಾವೊ ಜಿಂಗ್ ಎಂಬ ಮೂಲಿಕಾಗ್ರಂಥ 365 ಔಷಧಗಳನ್ನು ಮೇಲು, ನಡು, ಕೆಳಗು ಎಂದು ಮೂರು ದರ್ಜೆಗಳಲ್ಲಿ ಇಡುತ್ತದೆ. ಕೆಳದರ್ಜೆಯವು ರೋಗದ ಮೇಲೆ ಬೀಳುವ ಉಗ್ರ ಮದ್ದುಗಳು, ಹೆಚ್ಚು ದಿನ ಕೊಡುವಂಥವಲ್ಲ. ಮೇಲ್ದರ್ಜೆಯವು ಪ್ರಾಣವನ್ನು ಪೋಷಿಸುವಂಥವು. ಗಾನ್ ತ್ಸಾವೊ ಮೇಲ್ದರ್ಜೆಯಲ್ಲಿದೆ. ರುಚಿ ಸಿಹಿ, ಸ್ವಭಾವ ಸಮ, ಅಂದರೆ ಶೀತವೂ ಅಲ್ಲ ಉಷ್ಣವೂ ಅಲ್ಲ ಎಂದು ಅದರ ಗುಣ ಹೇಳಿದೆ. ನಮ್ಮ ಆಯುರ್ವೇದ ಇದನ್ನು ಶೀತವೀರ್ಯ ಎನ್ನುತ್ತದೆ. ಇಲ್ಲಿ ಎರಡು ಪರಂಪರೆಗಳ ದಾರಿ ಸ್ವಲ್ಪ ಬೇರೆಯಾಗುತ್ತದೆ. ಆದರೆ ಚರಕಸಂಹಿತೆ ಯಷ್ಟಿಮಧುವನ್ನು ಗಂಟಲಿಗೆ ಹಿತವಾದ ಕಂಠ್ಯಗಣದಲ್ಲೂ, ಜೀವಕ್ಕೆ ಆಧಾರವಾದ ಜೀವನೀಯಗಣದಲ್ಲೂ ಇಟ್ಟಿದೆ ಎನ್ನುವುದನ್ನು ನೆನೆದರೆ, ಹಿಮಾಲಯದ ಆಚೆ ಈಚೆ ಇದ್ದ ವೈದ್ಯರು ಒಂದೇ ಬೇರಿನಲ್ಲಿ ಬಹುಪಾಲು ಒಂದೇ ಗುಣವನ್ನು ಕಂಡಿದ್ದರು ಎಂದು ಸಂತೋಷವಾಗುತ್ತದೆ.

ಐದನೆಯ ಶತಮಾನದ ಕೊನೆಗೆ, ಆರನೆಯದರ ಮೊದಲ ಭಾಗದಲ್ಲಿ ತಾವೊ ಹೊಂಗ್‌ಜಿಂಗ್ ಎಂಬ ವಿದ್ವಾಂಸ ಇದ್ದ. ಶೆನ್ನೊಂಗ್ ಗ್ರಂಥಕ್ಕೆ ವ್ಯಾಖ್ಯಾನ ಬರೆದವನು. ಅವನು ಗಾನ್ ತ್ಸಾವೊಗೆ ಗ್ವೊ ಲಾವೊ ಎಂಬ ಬಿರುದು ಇರುವುದನ್ನು ಹೇಳುತ್ತಾನೆ. ರಾಜ್ಯದ ಹಿರಿಯ, ಅರಸನಿಗೇ ಬುದ್ಧಿ ಹೇಳುವ ವೃದ್ಧ ಮಂತ್ರಿ. ಸಿಂಹಾಸನ ಅವನದಲ್ಲ, ಆದರೆ ಸಿಂಹಾಸನದ ಮೇಲೆ ಕುಳಿತವನೂ ಅವನ ಮಾತಿಗೆ ಬೆಲೆ ಕೊಡುತ್ತಾನೆ. ಒಂದು ಬೇರಿಗೆ ಇಂಥ ಬಿರುದು ಏಕೆ ಎಂಬುದು ತಿಳಿಯಬೇಕಾದರೆ ಚೀನಾದ ವೈದ್ಯರು ಕಷಾಯವನ್ನು ಹೇಗೆ ಕಟ್ಟುತ್ತಾರೆ ಎನ್ನುವುದನ್ನು ನೋಡಬೇಕು.

ಒಂದು ಯೋಗದಲ್ಲಿ, ಅಂದರೆ ಹಲವು ಮೂಲಿಕೆ ಸೇರಿಸಿದ ಔಷಧದಲ್ಲಿ, ಒಂದೊಂದು ಮೂಲಿಕೆಗೂ ಅವರು ಒಂದೊಂದು ಹುದ್ದೆ ಕೊಡುತ್ತಾರೆ. ಮುಖ್ಯ ರೋಗಕ್ಕೆ ಎದುರು ನಿಲ್ಲುವುದು ಅರಸ. ಅದಕ್ಕೆ ಬಲ ಕೊಡುವುದು ಮಂತ್ರಿ. ಉಪರೋಗಗಳನ್ನು ನೋಡಿಕೊಳ್ಳುವುದು, ಅರಸನ ಉಗ್ರತೆ ತಗ್ಗಿಸುವುದು ಸಹಾಯಕ. ಎಲ್ಲವನ್ನೂ ಹೊಂದಿಸಿ ಬೇಕಾದ ಕಡೆಗೆ ಒಯ್ಯುವುದು ದೂತ. ಗಾನ್ ತ್ಸಾವೊ ಹೆಚ್ಚಾಗಿ ದೂತನ ಸ್ಥಾನದಲ್ಲಿರುತ್ತದೆ. ಒಂದೇ ಪಾತ್ರೆಯಲ್ಲಿ ಬಿಸಿಗುಣದ್ದೂ ತಣ್ಣನೆಯದೂ, ಬೆವರಿಸುವುದೂ ಕಟ್ಟುವುದೂ ಕುದಿಯುವಾಗ, ಉಷ್ಣದ ಮದ್ದು ಮೈ ಸುಡದಂತೆ, ಶೀತದ ಮದ್ದು ಹೊಟ್ಟೆಯನ್ನು ಕೆಡಿಸದಂತೆ, ಭೇದಿಯ ಮದ್ದು ಒಮ್ಮೆಲೇ ನುಗ್ಗದಂತೆ ತಡೆಯುವುದು ಅದರ ಕೆಲಸ ಎಂದು ಅವರ ನಂಬಿಕೆ. ಮೈಯೊಳಗೆ ಪ್ರಾಣಶಕ್ತಿ ಹರಿಯುವ ದಾರಿಗಳೆಂದು ಅವರು ಎಣಿಸುವ ಹನ್ನೆರಡು ನಾಡಿಗಳಿಗೂ ಅದು ಹೋಗಬಲ್ಲದು ಎನ್ನುತ್ತಾರೆ; ಅದಕ್ಕೇ ಅದು ಎಲ್ಲ ಕಡೆಯೂ ಸಲ್ಲುತ್ತದೆ.

ಈ ಮಾತು ಬರೀ ತತ್ತ್ವವಾಗಿ ಉಳಿಯದೆ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದದ್ದು ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯನಿಂದ. ಕ್ರಿಸ್ತಶಕ 200ರ ಸುಮಾರಿನವನು, ಹಾನ್ ರಾಜವಂಶದ ಕೊನೆಗಾಲ. ತನ್ನ ಗ್ರಂಥದ ಮುನ್ನುಡಿಯಲ್ಲಿ ಅವನು ತನ್ನ ಮನೆತನದ ಕಥೆ ಹೇಳಿಕೊಂಡಿದ್ದಾನೆ. ಇನ್ನೂರಕ್ಕೂ ಹೆಚ್ಚು ಜನರಿದ್ದ ದೊಡ್ಡ ವಂಶ. ಹತ್ತು ವರ್ಷ ಕಳೆಯುವುದರೊಳಗೆ ಮೂರರಲ್ಲಿ ಎರಡು ಪಾಲು ಜನ ಸತ್ತುಹೋದರು, ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿ ಶೀತಜ್ವರಕ್ಕೆ ಬಲಿಯಾದರು. ಆ ದುಃಖದಿಂದ ಅವನು ಹಳೆಯ ಗ್ರಂಥಗಳನ್ನೆಲ್ಲ ಹುಡುಕಿ ಬರೆದದ್ದರ ಒಂದು ಭಾಗ ಇಂದಿಗೂ ಶಾಂಗ್‌ಹಾನ್ ಲುನ್ ಎಂಬ ಹೆಸರಿನಲ್ಲಿ ಉಳಿದಿದೆ. ಅದರಲ್ಲಿ ನೂರಕ್ಕೂ ಹೆಚ್ಚು ಯೋಗಗಳಿವೆ. ಅವುಗಳಲ್ಲಿ 70ರಷ್ಟರಲ್ಲಿ ಗಾನ್ ತ್ಸಾವೊ ಇದೆ.

ಗ್ರಂಥದ ಮೊದಲ ಯೋಗವನ್ನೇ ನೋಡೋಣ. ಅದರ ಹೆಸರು ಗ್ವೈ ಜಿ ತಾಂಗ್. ದಾಲ್ಚಿನ್ನಿ ಜಾತಿಯ ಮರದ ಎಳೆಕಡ್ಡಿ, ಪಿಯೋನಿ ಹೂಗಿಡದ ಬೇರು, ಹಸಿಶುಂಠಿ, ಚೀನಾದ ಬೋರೆಹಣ್ಣು, ಗಾನ್ ತ್ಸಾವೊ. ಐದೇ ವಸ್ತು. ಗಾಳಿ ಸೋಂಕಿ ಜ್ವರ ಬಂದು, ಮೈ ಬೆವರುತ್ತಿದ್ದರೂ ಚಳಿ ಬಿಡದೆ ಇರುವವರಿಗೆ ಇದು. ಕಷಾಯ ಕುಡಿಸಿದ ಮೇಲೆ ಏನು ಮಾಡಬೇಕೆಂದೂ ಅವನು ಬಿಡಿಸಿ ಹೇಳುತ್ತಾನೆ: ಸ್ವಲ್ಪ ಹೊತ್ತು ಬಿಟ್ಟು ಬಿಸಿಬಿಸಿ ತಿಳಿಗಂಜಿ ಕುಡಿಸಿ, ಹೊದಿಕೆ ಹೊದಿಸಿ ಮಲಗಿಸಿ, ಮೈಯೆಲ್ಲ ತುಸು ತೇವವಾಗುವಷ್ಟು ಮಾತ್ರ ಬೆವರಬೇಕು, ನೀರು ಸುರಿದಂತೆ ಬೆವರಿದರೆ ರೋಗ ಹೋಗುವುದಿಲ್ಲ. ಜ್ವರ ಬಂದ ಮಗುವಿಗೆ ಗಂಜಿ ಕುಡಿಸಿ ಕಂಬಳಿ ಹೊದಿಸುವ ನಮ್ಮ ಹಳ್ಳಿಯ ತಾಯಂದಿರಿಗೆ ಈ ಮಾತು ಹೊಸದೆನಿಸುವುದಿಲ್ಲ.

ಇದೇ ಗ್ರಂಥದ ಇನ್ನೊಂದು ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಒಬ್ಬ ರೋಗಿಗೆ ತಾನೇ ತಾನಾಗಿ ಬೆವರು, ಪದೇ ಪದೇ ಮೂತ್ರ, ಮನಸ್ಸಿಗೆ ತಳಮಳ, ತುಸು ಚಳಿ, ಕಾಲಿನ ಸ್ನಾಯು ಹಿಡಿದುಕೊಂಡಿದೆ. ಮೇಲ್ನೋಟಕ್ಕೆ ಗ್ವೈ ಜಿ ತಾಂಗ್ ಕೊಡಬೇಕೆನಿಸುವ ಲಕ್ಷಣ. ಒಬ್ಬ ವೈದ್ಯ ಹಾಗೆಯೇ ಕೊಟ್ಟುಬಿಡುತ್ತಾನೆ. ಅದು ತಪ್ಪು ಚಿಕಿತ್ಸೆ. ರೋಗಿಯ ಕೈಕಾಲು ತಣ್ಣಗಾಗುತ್ತದೆ, ಗಂಟಲು ಒಣಗುತ್ತದೆ, ವಾಂತಿಯಾಗುತ್ತದೆ. ಆಗ ಜಾಂಗ್ ಎರಡು ಹೆಜ್ಜೆಯಲ್ಲಿ ಸರಿಪಡಿಸುತ್ತಾನೆ. ಮೊದಲು ಗಾನ್ ತ್ಸಾವೊ ಮತ್ತು ಒಣಶುಂಠಿ, ಎರಡೇ ವಸ್ತು. ಬೇರು ಶುಂಠಿಯ ಎರಡರಷ್ಟು. ಕೈಕಾಲು ಬೆಚ್ಚಗಾಗುವವರೆಗೆ ಅದು. ಬೆಚ್ಚಗಾದ ಮೇಲೆ ಗಾನ್ ತ್ಸಾವೊ ಮತ್ತು ಪಿಯೋನಿ ಬೇರು, ಸಮಸಮ. ನೀರು ಅರ್ಧಕ್ಕೆ ಬತ್ತುವವರೆಗೆ ಕಾಯಿಸಿ, ಸೋಸಿ, ಬೆಚ್ಚಗೆ ಎರಡು ಸಲ ಕುಡಿಸಬೇಕು. ಹಿಡಿದುಕೊಂಡಿದ್ದ ಕಾಲು ಚಾಚಲು ಬರುತ್ತದೆ. ಇಷ್ಟು ಕಡಿಮೆ ವಸ್ತುಗಳಲ್ಲಿ, ಇಷ್ಟು ಕ್ರಮವಾಗಿ, ಮೊದಲು ಯಾವುದು ಆಮೇಲೆ ಯಾವುದು ಎಂಬ ಎಚ್ಚರದಿಂದ ಕೊಟ್ಟ ಚಿಕಿತ್ಸೆ ಇದು. ಇಲ್ಲಿ ಗಾನ್ ತ್ಸಾವೊ ಯಾರ ಹಿಂದೆಯೂ ನಿಂತಿಲ್ಲ, ಎರಡು ಸಲವೂ ಸಮಭಾಗಿಯಾಗಿ ಅಥವಾ ಮುಂದಾಳಾಗಿ ನಿಂತಿದೆ.

ಈ ಎರಡನೆಯ ಯೋಗ ಈಗಲೂ ಬಳಕೆಯಲ್ಲಿದೆ. ಜಪಾನಿನಲ್ಲಿ ಚೀನಾ ಮೂಲದ ಈ ವೈದ್ಯಕ್ಕೆ ಕಾಂಪೊ ಎಂದು ಹೆಸರು. ಅಲ್ಲಿನ ಆಸ್ಪತ್ರೆಗಳಲ್ಲಿ ಆಧುನಿಕ ವೈದ್ಯರೇ ರಾತ್ರಿ ಮೀನಖಂಡ ಹಿಡಿದುಕೊಳ್ಳುವವರಿಗೆ ಷಾಕುಯಾಕು ಕಾನ್‌ಜೊ ತೊ ಎಂಬ ಪುಡಿಯ ಪೊಟ್ಟಣ ಬರೆದುಕೊಡುತ್ತಾರೆ. ಅದು ಜಾಂಗ್ ಹೇಳಿದ ಅದೇ ಎರಡು ಬೇರುಗಳು.

ಬೇರು ಒಂದೇ ಒಂದಾಗಿ ಔಷಧವಾಗುವುದೂ ಉಂಟು. ಗಂಟಲುನೋವಿಗೆ ಬರೀ ಗಾನ್ ತ್ಸಾವೊ ಕಷಾಯ. ಅದಕ್ಕೂ ಬಗ್ಗದಿದ್ದರೆ ಜಿಯೆ ಗೆಂಗ್ ಎಂಬ ಇನ್ನೊಂದು ಬೇರು ಸೇರಿಸಿ. ಮತ್ತೆ ಜಾಂಗ್‌ನ ಇನ್ನೊಂದು ಗ್ರಂಥದಲ್ಲಿ ಹೆಂಗಸರ ಮನಸ್ಸಿನ ನೋವಿಗೆ ಒಂದು ಯೋಗ ಇದೆ. ಕಾರಣವಿಲ್ಲದೆ ದುಃಖ ಉಕ್ಕಿ ಅಳು ಬರುವುದು, ಪದೇ ಪದೇ ಆಕಳಿಕೆ, ತನ್ನ ಮೇಲೆ ತನಗೇ ಹಿಡಿತವಿಲ್ಲದಂತಾಗುವುದು ಇವು ಲಕ್ಷಣ. ಮದ್ದು ಏನು ಗೊತ್ತೆ? ಗಾನ್ ತ್ಸಾವೊ, ಗೋಧಿ, ಹತ್ತು ಬೋರೆಹಣ್ಣು. ಅಡುಗೆಮನೆಯಲ್ಲಿ ಸಿಗುವ ವಸ್ತುಗಳು. ಅದರಿಂದ ಎಲ್ಲರ ದುಃಖವೂ ಹೋಗುತ್ತದೆ ಎಂದು ನಾನು ಹೇಳಲಾರೆ. ಆದರೆ ಹದಿನೆಂಟು ಶತಮಾನಗಳ ಹಿಂದೆ ಒಬ್ಬ ವೈದ್ಯ ಹೆಂಗಸಿನ ಅಳುವನ್ನು ಹಟ ಎನ್ನದೆ, ದೆವ್ವ ಎಂದು ಹೊಡೆಯಲು ಹೇಳದೆ, ಕಾಯಿಲೆ ಎಂದು ಗುರುತಿಸಿ ಸಿಹಿಯಾದ ಬೆಚ್ಚನೆಯ ಕಷಾಯ ಬರೆದದ್ದಕ್ಕೆ ನನ್ನ ಮನಸ್ಸು ತುಂಬಿ ಬರುತ್ತದೆ.

ಇನ್ನು ಬೇರನ್ನು ಹದಮಾಡುವ ಬಗೆ. ಅಂಗಡಿಯಲ್ಲಿ ಗಾನ್ ತ್ಸಾವೊ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಹಸಿಯದು, ಅಂದರೆ ಬರೀ ಒಣಗಿಸಿ ಬಿಲ್ಲೆಯಾಗಿ ಕತ್ತರಿಸಿದ್ದು. ಇನ್ನೊಂದು ಜೇನಿನಲ್ಲಿ ಹುರಿದದ್ದು. ಹುರಿಯುವುದು ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಜೇನನ್ನು ಕಾಯಿಸಿ, ಸ್ವಲ್ಪ ಬಿಸಿನೀರು ಬೆರೆಸಿ ತೆಳುಮಾಡಬೇಕು. ನೂರು ಕಿಲೋ ಬಿಲ್ಲೆಗೆ 25 ಕಿಲೋ ಜೇನು ಎಂದು ಲೆಕ್ಕ. ಅದನ್ನು ಬಿಲ್ಲೆಗಳಿಗೆ ಕಲಸಿ ಮುಚ್ಚಿಡಬೇಕು, ಜೇನು ನಾರಿನೊಳಕ್ಕೆ ಇಳಿಯುವವರೆಗೆ. ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಡದೆ ಕೈಯಾಡಿಸುತ್ತ ಹುರಿಯಬೇಕು. ಉರಿ ಹೆಚ್ಚಾದರೆ ಜೇನು ಸೀದು ಕಹಿಯಾಗುತ್ತದೆ. ಕಡಿಮೆಯಾದರೆ ಬಿಲ್ಲೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಬಣ್ಣ ಗಾಢ ಹಳದಿಗೆ ತಿರುಗಿ, ಮುಟ್ಟಿದರೆ ಕೈಗೆ ಅಂಟದಿದ್ದರೆ ಹದ ಬಂತು. ಹಸಿಯದು ಗಂಟಲಿನ ಉರಿ, ಹುಣ್ಣು, ಬಾವು, ವಿಷ ಇವುಗಳಿಗೆ. ಹುರಿದದ್ದು ಉಷ್ಣದ ಕಡೆಗೆ ವಾಲುತ್ತದೆ. ಜೀರ್ಣಶಕ್ತಿ ಕುಂದಿ, ಉಂಡದ್ದು ಮೈಗೆ ಹತ್ತದೆ, ಸುಸ್ತಾಗಿ ಕುಳಿತವರಿಗೆ ಅದು. ಸಾಂಗ್ ರಾಜವಂಶದ ಕಾಲದ ಸರಕಾರಿ ಔಷಧಾಲಯದ ಗ್ರಂಥದಲ್ಲಿ ಇಂಥವರಿಗೆಂದೇ ನಾಲ್ವರು ಸಜ್ಜನರು ಎಂಬ ಹೆಸರಿನ ಕಷಾಯ ಬರುತ್ತದೆ: ಜಿನ್‌ಸೆಂಗ್, ಬಾಯಿ ಜು ಎಂಬ ಗಡ್ಡೆ, ಪೈನ್ ಮರದ ಬೇರಿನ ಮೇಲೆ ಬೆಳೆಯುವ ಫು ಲಿಂಗ್ ಎಂಬ ಅಣಬೆ, ಜೇನಿನಲ್ಲಿ ಹುರಿದ ಗಾನ್ ತ್ಸಾವೊ. ನಾಲ್ಕೂ ಸೌಮ್ಯ ಸ್ವಭಾವದವು, ಅದಕ್ಕೇ ಆ ಹೆಸರು.

ವಿಷ ಎಂದೆ. ಗಾನ್ ತ್ಸಾವೊದ ಕೀರ್ತಿಯಲ್ಲಿ ಅರ್ಧ ಪಾಲು ಇದರದೇ. ಏಳನೆಯ ಶತಮಾನದ ಸುನ್ ಸಿಮಿಯಾವೊ ಎಂಬ ವೈದ್ಯ, ಮದ್ದಿನಿಂದಾದ ವಿಷಕ್ಕೆ ಗಾನ್ ತ್ಸಾವೊ ಕೊಟ್ಟರೆ ಹಿಮದ ಮೇಲೆ ಬಿಸಿನೀರು ಹೊಯ್ದಂತೆ ಕರಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾನೆ. ಅದು ಅಭಿಮಾನದ ಮಾತು. ಆದರೆ ಅದರ ಹಿಂದೆ ಒಂದು ಅನುಭವ ಇತ್ತು. ಚೀನಾದ ವೈದ್ಯರು ಫು ಜಿ ಎಂಬ ಗಡ್ಡೆಯನ್ನು ಬಳಸುತ್ತಿದ್ದರು; ಅದು ನಮ್ಮ ವತ್ಸನಾಭಿಯ ಕುಲಕ್ಕೆ ಸೇರಿದ್ದು, ಭಾರೀ ವಿಷ. ಮೈ ತಣ್ಣಗಾಗಿ ನಾಡಿ ಸಿಗದಂತಾದ ರೋಗಿಗೆ ಜಾಂಗ್ ಕೊಡುತ್ತಿದ್ದ ಕಷಾಯದಲ್ಲಿ ಈ ಗಡ್ಡೆ, ಒಣಶುಂಠಿ ಮತ್ತು ಗಾನ್ ತ್ಸಾವೊ ಮೂರೇ ಇದ್ದವು. ಈ ಗಡ್ಡೆಯ ವಿಷ ಮುರಿಯುವುದು ಮುಖ್ಯವಾಗಿ ಬಹಳ ಹೊತ್ತು ಕುದಿಸುವುದರಿಂದ. ಆದರೆ ಜೊತೆಯಲ್ಲಿ ಗಾನ್ ತ್ಸಾವೊ ಕುದಿದರೆ ಅದರ ಸತ್ತ್ವ ವಿಷದ ಅಂಶಗಳನ್ನು ಹಿಡಿದು ತಗ್ಗಿಸುತ್ತದೆ ಎಂದು ಈಗಿನ ಪ್ರಯೋಗಾಲಯಗಳೂ ತೋರಿಸಿವೆ. ಹಾಗೆಂದು ವತ್ಸನಾಭಿಯಂಥ ವಸ್ತುವಿಗೆ ಮನೆಯಲ್ಲಿ ಯಾರೂ ಕೈಹಾಕಬಾರದು. ವಿಷ ತಿಂದವರಿಗೆ ಜ್ಯೇಷ್ಠಮಧು ಕುಡಿಸುತ್ತ ಕೂರಲೂಬಾರದು, ಆಸ್ಪತ್ರೆಗೆ ಓಡಬೇಕು.

ಹದಿನಾರನೆಯ ಶತಮಾನದಲ್ಲಿ ಲೀ ಷೀಜೆನ್ ಎಂಬ ವೈದ್ಯ ಬದುಕಿನ ಬಹುಭಾಗ ಸವೆಸಿ ಬೆನ್ ತ್ಸಾವೊ ಗಾಂಗ್ ಮು ಎಂಬ ಮಹಾಗ್ರಂಥ ಬರೆದ. 1578ರಲ್ಲಿ ಬರೆದು ಮುಗಿಸಿದ. ಅಚ್ಚಾಗಿ ಬಂದದ್ದು ಅವನು ತೀರಿಕೊಂಡ ಮೇಲೆ, 1596ರಲ್ಲಿ. 1,892 ವಸ್ತುಗಳ ವಿವರ ಅದರಲ್ಲಿದೆ. ಗಿಡಮೂಲಿಕೆಗಳ ವಿಭಾಗ ತೆರೆಯುವುದೇ ಗಾನ್ ತ್ಸಾವೊದಿಂದ. ಇದೇ ಲೀ ಇನ್ನೊಂದು ಮುಖ್ಯ ಮಾತು ಹೇಳಿದ: ಹಳೆಯವರು ಒಂದು ಲಿಯಾಂಗ್ ಎಂದು ಬರೆದ ಕಡೆ ಈಗ ಒಂದು ಛಿಯೆನ್ ಸಾಕು. ಛಿಯೆನ್ ಎಂದರೆ ಲಿಯಾಂಗ್‌ನ ಹತ್ತನೆಯ ಒಂದು ಭಾಗ. ಕಾಲ ಕಳೆದಂತೆ ತೂಕದ ಮಾನ ಬದಲಾಗಿತ್ತು, ಅದನ್ನು ಗಮನಿಸದೆ ಹಳೆಯ ಚೀಟಿಯನ್ನು ಹಾಗೆಯೇ ತೂಗಿದರೆ ಪ್ರಮಾಣ ತಪ್ಪುತ್ತಿತ್ತು. ಇವತ್ತು ಚೀನಾದ ಔಷಧಕೋಶ ಗಾನ್ ತ್ಸಾವೊಗೆ ದಿನಕ್ಕೆ 2ರಿಂದ 10 ಗ್ರಾಂ ಎಂದು ಮಿತಿ ಹಾಕಿದೆ.

ಈ ಮಿತಿಯ ವಿಷಯವೇ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು. ಸೌಮ್ಯವಾದದ್ದು ಎಂದ ಕೂಡಲೇ ನಾವು ಅಳತೆ ಬಿಡುತ್ತೇವೆ. ಕಹಿಯಾದ ಮದ್ದನ್ನು ಯಾರೂ ಹೆಚ್ಚು ಕುಡಿಯುವುದಿಲ್ಲ, ಸಿಹಿಯಾದದ್ದನ್ನು ಕೇಳಿ ಕೇಳಿ ಕುಡಿಯುತ್ತೇವೆ. ಚೀನಾದ ಹಳೆಯ ವೈದ್ಯರು ಗಾನ್ ತ್ಸಾವೊವನ್ನು ಅಷ್ಟು ಹೊಗಳಿದರೂ ಅದಕ್ಕೆ ಬೇಲಿ ಹಾಕಿದ್ದರು. ಹೆಂಡ ಕುಡಿಯುವ ಅಭ್ಯಾಸ ಇರುವವರಿಗೆ ಗ್ವೈ ಜಿ ತಾಂಗ್ ಕೊಡಬೇಡಿ, ಅವರಿಗೆ ಸಿಹಿ ಸೇರುವುದಿಲ್ಲ, ವಾಂತಿಯಾಗುತ್ತದೆ ಎಂದು ಜಾಂಗ್ ಬರೆದಿದ್ದಾನೆ. ಹೊಟ್ಟೆ ಉಬ್ಬರಿಸಿದವರಿಗೆ, ಮೈಯಲ್ಲಿ ನೀರು ತುಂಬಿ ಬಾತುಕೊಂಡವರಿಗೆ ಬೇಡ ಎಂದು ಅನಂತರದವರು ಹೇಳಿದರು. ಜೊತೆಗೆ ಒಂದಕ್ಕೊಂದು ಸೇರದ ಹದಿನೆಂಟು ಎಂಬ ಪಟ್ಟಿ ಇದೆ. ಅದರ ಪ್ರಕಾರ ಗಾನ್ ತ್ಸಾವೊ ನಾಲ್ಕು ವಸ್ತುಗಳ ಜೊತೆ ಸೇರಬಾರದು: ದಾ ಜಿ, ಗಾನ್ ಸುಯಿ, ಯುವಾನ್ ಹುವಾ ಎಂಬ ಮೂರು ಉಗ್ರ ಭೇದಿಮದ್ದುಗಳು, ಮತ್ತು ಹಾಯಿ ತ್ಸಾವೊ ಎಂಬ ಕಡಲಪಾಚಿ. ವಿಚಿತ್ರವೆಂದರೆ ಜಾಂಗ್‌ನ ಒಂದು ಯೋಗದಲ್ಲೇ ಗಾನ್ ಸುಯಿ ಮತ್ತು ಗಾನ್ ತ್ಸಾವೊ ಎರಡೂ ಒಟ್ಟಿಗೆ ಇವೆ. ಅದನ್ನು ಸಮರ್ಥಿಸಿಯೂ ವಿರೋಧಿಸಿಯೂ ಅಲ್ಲಿನ ವಿದ್ವಾಂಸರು ಶತಮಾನಗಳಿಂದ ಬರೆಯುತ್ತ ಬಂದಿದ್ದಾರೆ. ಒಂದು ಪರಂಪರೆ ತನ್ನ ನಿಯಮವನ್ನು ತಾನೇ ಪ್ರಶ್ನಿಸಿಕೊಳ್ಳುವುದು ಅದು ಬದುಕಿರುವುದರ ಗುರುತು ಎಂದು ನನಗೆ ತೋರುತ್ತದೆ.

ನೀರು ತುಂಬಿ ಬಾತುಕೊಂಡವರಿಗೆ ಬೇಡ ಎಂಬ ಮಾತಿಗೆ ಬೆಂಬಲ ಬಂದದ್ದು ಬಹಳ ದೂರದಿಂದ. ನೆದರ್‌ಲೆಂಡ್ಸಿನಲ್ಲಿ ರೆವರ್ಸ್ ಎಂಬ ವೈದ್ಯರು ಹೊಟ್ಟೆಹುಣ್ಣಿನ ರೋಗಿಗಳಿಗೆ ಜ್ಯೇಷ್ಠಮಧುವಿನ ಸಾರ ಕೊಟ್ಟು ನೋಡಿದರು. ಹುಣ್ಣಿಗೆ ಗುಣ ಕಂಡಿತು. ಆದರೆ ಹಲವರ ಮುಖ, ಕೈಕಾಲು ಊದಿಕೊಂಡವು. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೀಗೇಕೆ ಆಗುತ್ತದೆ ಎಂಬುದು ಸ್ಪಷ್ಟವಾದದ್ದು 1980ರ ದಶಕದಲ್ಲಿ. ನಮ್ಮ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಇದೆ. ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡುವ ಕೆಲಸ ಆಲ್ಡೋಸ್ಟೆರೋನ್ ಎಂಬ ಇನ್ನೊಂದು ಹಾರ್ಮೋನಿನದು. ಕಾರ್ಟಿಸಾಲ್ ಕೂಡ ಅದೇ ಕೆಲಸಕ್ಕೆ ನುಗ್ಗಬಲ್ಲದು, ಆದರೆ ಅಲ್ಲಿರುವ ಒಂದು ಕಿಣ್ವ ಅದನ್ನು ನಿಷ್ಕ್ರಿಯಗೊಳಿಸಿ ತಡೆಯುತ್ತದೆ. ನಾವು ತಿಂದ ಗ್ಲೈಸಿರೈಜಿನ್ ಕರುಳಿನಲ್ಲಿ ಒಡೆದು ಆಗುವ ವಸ್ತು ಈ ಕಿಣ್ವವನ್ನೇ ಅಡಗಿಸಿಬಿಡುತ್ತದೆ. ಕಾರ್ಟಿಸಾಲ್‌ಗೆ ತಡೆಯಿಲ್ಲದಂತಾಗುತ್ತದೆ. ಉಪ್ಪು ಮತ್ತು ನೀರು ದೇಹದಲ್ಲಿ ನಿಲ್ಲುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ರಕ್ತದೊತ್ತಡ ಏರುತ್ತದೆ, ಪಾದ ಊದುತ್ತದೆ, ತೊಡೆ ತೋಳು ಸೋಲುತ್ತದೆ. ಪೊಟ್ಯಾಸಿಯಂ ಬಹಳ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ.

ನಾಡಿ ತಪ್ಪಿ ಬಡಿಯುವವರಿಗೆ, ಎದೆ ಡವಗುಟ್ಟುವವರಿಗೆ ಜಾಂಗ್ ಬರೆದ ಪ್ರಸಿದ್ಧ ಯೋಗದ ಹೆಸರೇ ಜಿ ಗಾನ್ ತ್ಸಾವೊ ತಾಂಗ್, ಹುರಿದ ಗಾನ್ ತ್ಸಾವೊದ ಕಷಾಯ. ಹೃದಯಕ್ಕೆ ಮದ್ದೆಂದು ಕೊಟ್ಟದ್ದೇ ಅಳತೆ ಮೀರಿದರೆ ಹೃದಯಕ್ಕೆ ತೊಂದರೆ ಕೊಡಬಲ್ಲದು. ಅದಕ್ಕೇ ಈಗಿನ ಚೀನೀ ವೈದ್ಯರು ಈ ಕಷಾಯವನ್ನು ತಿಂಗಳುಗಟ್ಟಲೆ ಕೊಡಬೇಕಾಗಿ ಬಂದರೆ ರಕ್ತದೊತ್ತಡವನ್ನೂ ರಕ್ತದ ಪೊಟ್ಯಾಸಿಯಂ ಅನ್ನೂ ನೋಡುತ್ತಿರಬೇಕು. ಜಪಾನಿನ ಆರೋಗ್ಯ ಇಲಾಖೆ 1978ರಲ್ಲೇ, ದಿನಕ್ಕೆ 2.5 ಗ್ರಾಂ ಅಥವಾ ಹೆಚ್ಚು ಗಾನ್ ತ್ಸಾವೊ ಇರುವ ಔಷಧಗಳನ್ನು ಪೊಟ್ಯಾಸಿಯಂ ಕೊರತೆ ಇರುವವರಿಗೆ ಕೊಡಬಾರದೆಂದು ಸೂಚನೆ ಹೊರಡಿಸಿತು. ಯುರೋಪಿನ ಆಹಾರ ತಜ್ಞರ ಸಮಿತಿ 2003ರಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲೈಸಿರೈಜಿನ್ ಮೀರಬಾರದು ಎಂದಿತು. ಚೀನಾದ ಔಷಧಕೋಶದ ಪ್ರಕಾರ ಒಳ್ಳೆಯ ಬೇರಿನಲ್ಲಿ ನೂರಕ್ಕೆ ಎರಡು ಪಾಲಾದರೂ ಗ್ಲೈಸಿರೈಜಿನ್ ಇರಬೇಕು. ಅಂದರೆ 5 ಗ್ರಾಂ ಬೇರಿನಲ್ಲೇ ಆ 100 ಮಿಲಿಗ್ರಾಂ ಇರುತ್ತದೆ. ಕಷಾಯದಲ್ಲಿ ಪೂರ್ತಿ ಇಳಿಯುವುದಿಲ್ಲ ನಿಜ. ಆದರೂ ದಿನಕ್ಕೆ ಒಂದೆರಡು ಚಮಚ ಪುಡಿಯನ್ನು ತಿಂಗಳುಗಟ್ಟಲೆ ಚಹಾಕ್ಕೆ ಹಾಕಿ ಕುಡಿಯುವವರು ಈ ಲೆಕ್ಕ ಮಾಡಿಕೊಳ್ಳಬೇಕು.

ಇದೇ ಗ್ಲೈಸಿರೈಜಿನ್ ಅನ್ನು ಜಪಾನ್, ಚೀನಾಗಳಲ್ಲಿ ಯಕೃತ್ತಿನ ದೀರ್ಘಕಾಲದ ಉರಿಯೂತಕ್ಕೆ ಇಂಜೆಕ್ಷನ್ ರೂಪದಲ್ಲಿ ದಶಕಗಳಿಂದ ಕೊಡುತ್ತಾರೆ. 2003ರಲ್ಲಿ ಸಾರ್ಸ್ ಹರಡಿದಾಗ ಜರ್ಮನಿಯ ಫ್ರಾಂಕ್‌ಫರ್ಟಿನ ಸಂಶೋಧಕರು ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಆ ವೈರಸ್ಸನ್ನು ತಡೆಯುವುದನ್ನು ಕಂಡರು. ಪಾತ್ರೆಯೊಳಗಿನ ಜೀವಕೋಶ ಬೇರೆ, ಹಾಸಿಗೆಯ ಮೇಲಿನ ಮನುಷ್ಯ ಬೇರೆ. ಅಲ್ಲಿಂದ ಇಲ್ಲಿಗೆ ಬರಲು ಬಹಳ ದೂರ ಇದೆ. ಚೀನಾದ ಮನೆಮನೆಗೂ ಗೊತ್ತಿರುವ ಗಾನ್ ತ್ಸಾವೊ ಕೆಮ್ಮಿನ ಮಾತ್ರೆಯ ವಿಷಯವನ್ನೂ ಹೇಳಿಬಿಡುತ್ತೇನೆ: ಅದರಲ್ಲಿ ಸ್ವಲ್ಪ ಅಫೀಮಿನ ಪುಡಿ ಸೇರಿದೆ. ಹೆಸರು ನೋಡಿ ಬರೀ ಬೇರು ಎಂದುಕೊಂಡು ಯಾರೂ ತರಿಸಿಕೊಳ್ಳಬಾರದು.

ನಮ್ಮ ಊರಿನ ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವವರಿಗೂ ಒಂದು ಮಾತು. ಗುಲಗಂಜಿ ಬಳ್ಳಿಯ ಬೇರಿಗೂ ತುಸು ಸಿಹಿ ಇದೆ, ಅದನ್ನು ಜ್ಯೇಷ್ಠಮಧುವಿನ ಜೊತೆ ಬೆರೆಸಿ ಮಾರುವುದುಂಟು. ಗುಲಗಂಜಿಯ ಬೀಜ ಎಂಥ ವಿಷ ಎಂದು ನಿಮಗೆ ಗೊತ್ತಿದೆ. ಪುಡಿ ಕೊಳ್ಳುವ ಬದಲು ಇಡೀ ಬೇರು ಕೊಂಡು, ಮುರಿದು, ಒಳಗಿನ ಹಳದಿ ನೋಡಿ ತನ್ನಿ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ವೈದ್ಯರನ್ನು ಕೇಳದೆ ದಿನವೂ ತೆಗೆದುಕೊಳ್ಳಬೇಡಿ. ಗಂಟಲು ಕೆಟ್ಟಾಗ ಆರೋಗ್ಯವಂತರು ಒಂದೆರಡು ದಿನ ಒಂದು ಚೂರು ಚೀಪುವುದಕ್ಕೆ ಅಂಜಬೇಕಾಗಿಲ್ಲ.

ಅಳತೆ ಮೀರಿದ್ದರಿಂದ ದೇಹಕ್ಕೆ ಆದಂತೆ ನೆಲಕ್ಕೂ ಆಗಿದೆ. ಇಷ್ಟು ಕಷಾಯಗಳಿಗೆ, ಅದರ ಮೇಲೆ ಮಿಠಾಯಿ, ತಂಬಾಕಿನ ರುಚಿಗೆ ಬೇರು ಬೇಕು. ಓರ್ಡೊಸ್, ನಿಂಗ್‌ಷಿಯಾದ ಬಡ ರೈತರು ತಲೆಮಾರುಗಳಿಂದ ಕಾಡಿನ ಬೇರನ್ನು ಅಗೆದು ಮಾರಿದರು. ಮರಳನ್ನು ಹಿಡಿದು ನಿಲ್ಲಿಸಿದ್ದ ಬೇರು ಹೋದ ಮೇಲೆ ಮರಳು ಹಾರತೊಡಗಿತು, ಹುಲ್ಲುಗಾವಲು ಮರಳುಗಾಡಾಗತೊಡಗಿತು. 1987ರಲ್ಲಿ ಚೀನಾ ಸರಕಾರ ಗಾನ್ ತ್ಸಾವೊವನ್ನು ರಕ್ಷಿಸಬೇಕಾದ ಕಾಡು ಔಷಧಗಳ ಪಟ್ಟಿಗೆ ಸೇರಿಸಿತು. 2000ದಲ್ಲಿ ಮನಬಂದಂತೆ ಅಗೆಯುವುದಕ್ಕೆ ತಡೆ ಹಾಕಿ ಆದೇಶ ಹೊರಡಿಸಿತು. ಈಗ ಅಲ್ಲಿ ಅದನ್ನು ಬೆಳೆಯಾಗಿ ಬೆಳೆಸುತ್ತಾರೆ. ಎಳೆಯ ಬೇರುಗಳನ್ನು ನೆಟ್ಟಗೆ ನೆಡುವುದಿಲ್ಲ, ಸಾಲಿನಲ್ಲಿ ಓರೆಯಾಗಿ ಅಥವಾ ಅಡ್ಡಡ್ಡ ಮಲಗಿಸಿ ಮುಚ್ಚುತ್ತಾರೆ. ಬೇರು ಆಳಕ್ಕೆ ಇಳಿಯದೆ ಮೇಲೆಮೇಲೇ ಬೆಳೆಯುತ್ತದೆ, ಕೀಳುವಾಗ ನೆಲವನ್ನು ಆಳಕ್ಕೆ ಬಗೆಯಬೇಕಾಗಿಲ್ಲ. ದ್ವಿದಳ ಧಾನ್ಯದ ಕುಟುಂಬದ್ದಾದ್ದರಿಂದ ಬಡಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಕುಬುಚಿ ಮರಳುಗಾಡಿನಲ್ಲಿ ಮರಳು ನಿಲ್ಲಿಸಲೆಂದೇ ಇದನ್ನು ನೆಟ್ಟಿದ್ದಾರೆ. ಕೊಯ್ಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಆತುರಪಟ್ಟು ಬೇಗ ಕಿತ್ತರೆ ಬೇರಿನಲ್ಲಿ ಸತ್ತ್ವ ಸಾಲದೆ, ಔಷಧಕೋಶ ಕೇಳುವ ಆ ನೂರಕ್ಕೆ ಎರಡು ಪಾಲಿನ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ಹಾಗಾಗಿ ಒಳ್ಳೆಯ ಬೆಳೆಗಾರರು ಕಾಯುತ್ತಾರೆ.